ಕರಿ ಪಟಾಲಮ್ಮಿನ ಕೇರಿ

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

"ಬಾಬಾಸಾಹೇಬರು 1891ರ ಏಪ್ರಿಲ್ 14ರಂದು ಮಧ್ಯಪ್ರದೇಶದ ಮಹೂ ಎಂಬಲ್ಲಿ ಜನಿಸಿದರು." ಪ್ರತಿ ವರ್ಷ ಜಯಂತಿ ವೇದಿಕೆ ಮೇಲೆ ಈ ಒಂದು ಸಾಲು ಹೇಳಿ ಮುಂದಕ್ಕೆ ಹೋಗಿಬಿಡ್ತೀವಿ. ಒಂದು ಸಲ ನಿಂತು ಕೇಳ್ಕೊಳ್ಳೋಣ. ಅವರ ಮನೆತನದ ಮೂಲ ಊರು ರತ್ನಾಗಿರಿ ಜಿಲ್ಲೆಯ ಆಂಬಡವೆ. ಕೊಂಕಣದ ಗುಡ್ಡಗಾಡು. ಅಲ್ಲಿಯ ಒಬ್ಬ ಮಹಾರ್ ಕುಟುಂಬದ ಹದಿನಾಲ್ಕನೇ ಕೂಸು ನೂರಾರು ಮೈಲಿ ದೂರದ ಮಾಳವಾದಲ್ಲಿ ಯಾಕೆ ಹುಟ್ಟಿತು?

ಉತ್ತರ ಆ ಜಾಗದ ಹೆಸರಲ್ಲೇ ಇದೆ. ಮಹೂ ಊರಲ್ಲಿ ಬಾಬಾಸಾಹೇಬರು ಹುಟ್ಟಿದ ಬಡಾವಣೆಗೆ ಇವತ್ತಿಗೂ "ಕಾಲಿ ಪಲ್ಟನ್" ಅಂತಾರೆ. ನಮ್ಮ ಭಾಷೇಲಿ ಹೇಳೋದಾದ್ರೆ ಕರಿ ಪಟಾಲಂ. ಬಿಳಿ ಸಿಪಾಯಿಗಳ ಬ್ಯಾರಕ್ಕು ಒಂದು ಕಡೆ, ಕರಿ ಸಿಪಾಯಿಗಳು ಹೆಂಡ್ತಿ ಮಕ್ಕಳ ಜೊತೆ ಇದ್ದ ಲೈನ್ ಮನೆಗಳು ಇನ್ನೊಂದು ಕಡೆ. ರಾಮ್ಜಿ ಮಾಲೋಜಿ ಸಕ್ಪಾಲರು ಅಲ್ಲಿ ಸುಬೇದಾರ್, ಸೈನ್ಯದ ಶಾಲೆಯ ಮೇಷ್ಟ್ರು. ಸುಬೇದಾರರ ಮಗ ಹುಟ್ಟಿದ್ದು ದಂಡಿನ ಲೈನಿನಲ್ಲಿ, ಹೊಲಗೇರಿಯಲ್ಲಿ ಅಲ್ಲ. ನಮ್ಮ ಚಳವಳಿಯ ಚರಿತ್ರೆಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದನ್ನ ನಾವು ಸರಿಯಾಗಿ ಲೆಕ್ಕ ಹಾಕಿಲ್ಲ ಅಂತ ನನಗನ್ನಿಸುತ್ತೆ.

ಮಹೂ ಹೆಸರಿನ ಬಗ್ಗೆ ಒಂದು ಕತೆ ಓಡಾಡ್ತಿದೆ. "ಮಿಲಿಟರಿ ಹೆಡ್‌ಕ್ವಾರ್ಟರ್ಸ್ ಆಫ್ ವಾರ್" ಅನ್ನೋದರ ಮೊದಲಕ್ಷರ ಸೇರಿ ಮಹೂ ಆಯ್ತು ಅಂತ. ವಾಟ್ಸಾಪ್ ಪಾಂಡಿತ್ಯ, ನಂಬಬೇಡಿ. ದಂಡು ಬರೋಕೆ ಮುಂಚೆಯೇ ಆ ಹೆಸರಿನ ಹಳ್ಳಿ ಅಲ್ಲಿತ್ತು. 1817ರ ಡಿಸೆಂಬರಿನಲ್ಲಿ ಮಹಿದ್‌ಪುರದ ಕಾಳಗದಲ್ಲಿ ಹೋಳ್ಕರರು ಸೋತರು, 1818ರ ಜನವರಿಯಲ್ಲಿ ಮಂದಸೋರ್ ಒಪ್ಪಂದ ಆಯ್ತು, ಆಮೇಲೆ ಇಂದೋರಿನ ಮಗ್ಗುಲಲ್ಲಿ ಇಂಗ್ಲಿಷರು ತಮ್ಮ ದಂಡು ಊರಿದರು. ಅದೇ 1818ರ ಜನವರಿ 1ರಂದೇ ಭೀಮಾ ನದಿ ದಡದಲ್ಲಿ ಕೋರೆಗಾಂವ್ ಕಾಳಗ ನಡೆದದ್ದು. ಅಲ್ಲಿಯ ಸ್ತಂಭದ ಮೇಲೆ ಕೆತ್ತಿರೋ 49 ಹೆಸರುಗಳಲ್ಲಿ 22 ಹೆಸರುಗಳ ಕೊನೆಗೆ "ನಾಕ್" ಇದೆ. ಅವೆಲ್ಲ ಮಹಾರರ ಹೆಸರುಗಳು. ಕೋರೆಗಾಂವ್ ಬಗ್ಗೆ ನಾವು ಬೇಕಾದಷ್ಟು ಬರೆದಿದೀವಿ, ಪೆಟ್ಟು ತಿಂದಿದೀವಿ, ನಮ್ಮವರು ಜೈಲಿಗೂ ಹೋಗಿದಾರೆ. ಹಾಗಾಗಿ ಕಾಳಗದ ಕತೆ ಇಲ್ಲಿ ಬೇಡ. ಕಾಳಗ ಮುಗಿದ ಮೇಲೆ ಆ ಸಿಪಾಯಿ ಎಲ್ಲಿ ಮಲಗಿದ, ಅವನ ಹೆಂಡ್ತಿ ಎಲ್ಲಿ ನೀರು ತಂದಳು, ಮಕ್ಕಳು ಎಲ್ಲಿ ಓದಿದರು, ನಾನು ಹೇಳೋಕೆ ಹೊರಟಿರೋದು ಅದನ್ನ.

ಊರಿಗೆ ಹೊಲಗೇರಿ ಹೊರಗಿರುತ್ತೆ. ದಂಡು ಕೂಡ ಊರಿಗೆ ಹೊರಗೇ. ಬೆಂಗಳೂರು ನೋಡಿ, ಪೇಟೆ ಬೇರೆ, ದಂಡು ಬೇರೆ. ಒಂದನ್ನ ಹೊರಗಿಟ್ಟವರು ಊರಿನವರು. ಇನ್ನೊಂದು ಊರನ್ನೇ ಹೊರಗಿಟ್ಟು ಕಟ್ಟಿದ್ದು. ದಂಡಿನೊಳಗೆ ಊರ ಗೌಡ, ಕುಲಕರ್ಣಿ, ಪಾಟೀಲರ ಮಾತು ನಡೀತಿರಲಿಲ್ಲ. ಸತ್ತ ದನ ಎಳಿ, ಸುದ್ದಿ ಒಯ್ಯಿ, ಬಿಟ್ಟಿ ಚಾಕರಿ ಮಾಡು ಅಂತ ಬಾಗಿಲಿಗೆ ಬಂದು ಕೂಗೋರು ಇರಲಿಲ್ಲ. ಮಹಾರ್ ವತನ ಅಂದ್ರೆ ಏನು ಅಂತ ಗೊತ್ತಿರೋರಿಗೆ ಇದರ ಬೆಲೆ ಗೊತ್ತು. ತಲೆತಲಾಂತರದಿಂದ ಊರಿನ ಚಾಕರಿಗೆ ಕಟ್ಟಿಹಾಕಿದ್ದ ಹಗ್ಗ ಅದು. ಆ ಹಗ್ಗ ಕಡಿದುಕೊಂಡು ಓಡೋಕೆ ಸಿಕ್ಕಿದ ದಾರಿ ಪಲ್ಟನ್ನಿನ ಭರ್ತಿ. ಸಂಬಳ ನಗದು. ಬಟ್ಟೆ ಸರ್ಕಾರದ್ದು. ವಯಸ್ಸಾದ ಮೇಲೆ ಪಿಂಚಣಿ.

ಬಾಂಬೆ ಪಡೆಯ ಒಂದು ಗುಣ ಇಲ್ಲಿ ಮುಖ್ಯ. ಬಂಗಾಳದ ಪಡೆ ಅವಧ್, ಬಿಹಾರ ಕಡೆಯ ಬ್ರಾಹ್ಮಣ ರಜಪೂತರನ್ನೇ ಆರಿಸಿ ತುಂಬಿಸಿಕೊಂಡಿತ್ತು, ಅವರ ಮಡಿಮೈಲಿಗೆಗೆ ಅಲ್ಲಿ ಅಧಿಕಾರಿಗಳೇ ತಲೆಬಾಗ್ತಿದ್ರು. ಬಾಂಬೆ ಪಡೆಯಲ್ಲಿ ಮರಾಠ, ಮಹಾರ್, ಮುಸ್ಲಿಂ, ಬೆನೆ ಇಸ್ರಾಯೇಲಿ ಯಹೂದಿ, ಪರದೇಶಿ ಬ್ರಾಹ್ಮಣ ಎಲ್ಲರೂ ಒಂದೇ ಸಾಲಲ್ಲಿ ನಿಲ್ಲಬೇಕಿತ್ತು. ಬಡ್ತಿ ಬಂದಾಗ ಮಹಾರ್ ಸುಬೇದಾರನಿಗೆ ಮೇಲ್ಜಾತಿ ಸಿಪಾಯಿ ಸಲಾಂ ಹೊಡೀಲೇಬೇಕು. ಹಳ್ಳಿಯಲ್ಲಿ ಅದೇ ಸಿಪಾಯಿಯ ಮನೆ ಮುಂದೆ ಈ ಸುಬೇದಾರ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಬೇಕಾದೀತು ಅನ್ನೋದು ಬೇರೆ ಮಾತು.

ಇನ್ನೊಂದು ಶಾಲೆ. ಕಂಪನಿಯ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಓದು ಕಡ್ಡಾಯ ಇತ್ತು, ಹೆಣ್ಣುಮಕ್ಕಳಿಗೂ ಇತ್ತು ಅಂತ ಬಾಬಾಸಾಹೇಬರೇ ಬರೆದಿದಾರೆ. ಹಗಲು ಮಕ್ಕಳಿಗೆ, ರಾತ್ರಿ ದೊಡ್ಡವರಿಗೆ. ಅಜ್ಜ ಮಾಲೋಜಿ ಸಿಪಾಯಿ, ಅಪ್ಪ ರಾಮ್ಜಿ ಸುಬೇದಾರ್, ತಾಯಿ ಭೀಮಾಬಾಯಿಯ ಕಡೆಯವರೂ ಸೈನ್ಯದವರು. ಮೂರು ತಲೆಮಾರಿನ ದಂಡಿನ ಬದುಕು, ಮೂರು ತಲೆಮಾರಿನ ಅಕ್ಷರ. "ಬಡತನದಲ್ಲಿ ಹುಟ್ಟಿ ಬೀದಿದೀಪದಲ್ಲಿ ಓದಿದ ಹುಡುಗ" ಅಂತ ಸಿನಿಮಾ ಥರ ಹೇಳೋರು ಈ ಮೂರು ತಲೆಮಾರನ್ನ ಅಳಿಸಿ ಹಾಕ್ತಾರೆ. ಒಬ್ಬ ಮಹಾಪುರುಷ ಆಕಾಶದಿಂದ ಇಳಿದು ಬಂದ ಅನ್ನೋದು ಅವರಿಗೆ ಅನುಕೂಲ. ಅವಕಾಶ ಸಿಕ್ಕಿದ್ರೆ ಒಂದು ಕೇರಿಗೆ ಕೇರಿಯೇ ಓದುತ್ತೆ ಅಂತ ಒಪ್ಪಿಕೊಳ್ಳೋದು ಕಷ್ಟ.

ದಂಡು ಸ್ವರ್ಗ ಆಗಿತ್ತು ಅಂತ ನಾನು ಹೇಳ್ತಾ ಇಲ್ಲ. ಎಷ್ಟೇ ವರ್ಷ ದುಡಿದ ಸುಬೇದಾರ್ ಮೇಜರ್ ಆದ್ರೂ ನಿನ್ನೆ ಮೊನ್ನೆ ಹಡಗು ಇಳಿದ ಬಿಳಿ ಲೆಫ್ಟಿನೆಂಟ್ ಹುಡುಗನ ಕೆಳಗೇ. ಅದೇ ದಂಡಿನಲ್ಲಿ ಕಕ್ಕಸು ಬಳಿಯೋರು, ಗುಡಿಸೋರು ನಮ್ಮ ಜನವೇ, ಅವರಿಗೆ ಪಟಾಲಮ್ಮಿನ ಶಾಲೆಯೂ ಇಲ್ಲ, ಪಿಂಚಣಿಯೂ ಇಲ್ಲ. ಕರಿ ಪಟಾಲಂ ಅನ್ನೋ ಹೆಸರೇ ಹೇಳುತ್ತಲ್ಲ, ಬಣ್ಣದ ಗೋಡೆ ಎಲ್ಲಿತ್ತು ಅಂತ.

ಈ ದಂಡಿಗೂ ಯುದ್ಧ ಬಂತು. 1857ರ ಜುಲೈ 1. ಬೆಳಗ್ಗೆ ಇಂದೋರಿನ ರೆಸಿಡೆನ್ಸಿ ಮೇಲೆ ದಾಳಿ. ರಾತ್ರಿ ಮಹೂದಲ್ಲಿದ್ದ ಬಂಗಾಳದ 23ನೇ ನೇಟಿವ್ ಇನ್‌ಫೆಂಟ್ರಿ ಎದ್ದಿತು. ಕರ್ನಲ್ ಪ್ಲಾಟ್ ಸೇರಿ ಅಧಿಕಾರಿಗಳು ಸತ್ತರು, ಬಂಗಲೆಗಳು ಉರಿದವು, ಉಳಿದ ಬಿಳಿಯರು ಕೋಟೆ ಹೊಕ್ಕರು. ಎದ್ದ ಸಿಪಾಯಿಗಳು ದಂಡು ಬಿಟ್ಟು ಹೊರಟುಹೋದರು. ಆಗಸ್ಟಿನಲ್ಲಿ ಬಾಂಬೆ ಪಡೆ ಬಂದು ಮಹೂ ಹಿಡಿಯಿತು, 1858ರ ಜನವರಿಯಲ್ಲಿ ಸರ್ ಹ್ಯೂ ರೋಸ್ ಹೊರಟಿದ್ದೂ ಇದೇ ಮಹೂದಿಂದ, ಝಾನ್ಸಿ ಕಡೆಗೆ. ರಾಮ್ಜಿಯವರು ಮುಂದೆ ಬಂದು ನೆಲೆಸಿದ ದಂಡು ಹೀಗೆ ಕೈ ಬದಲಾದದ್ದು.

"ದೇಶ ಸ್ವಾತಂತ್ರ್ಯಕ್ಕೆ ಎದ್ದಾಗ ನಿಮ್ಮವರು ಇಂಗ್ಲಿಷರ ಕಡೆ ಇದ್ದರು" ಅಂತ ನಮ್ಮನ್ನ ಕುಟುಕೋರಿಗೆ ಇಲ್ಲಿ ಒಂದು ಮಾತು. ಬಂಗಾಳ ಪಡೆಯ ಸಿಪಾಯಿಗೆ ಮುಟ್ಟೋಕೂ ಮನಸ್ಸಿಲ್ಲದ ಜಾತಿಯವರನ್ನ ಆ ಪಡೆ ಭರ್ತಿಯೇ ಮಾಡ್ಕೊಳ್ತಿರಲಿಲ್ಲ. ಒಳಗೇ ಬಿಟ್ಟುಕೊಳ್ಳದ ಮನೆಯ ಜಗಳದಲ್ಲಿ ಯಾಕೆ ನಮ್ಮ ಪರ ನಿಲ್ಲಲಿಲ್ಲ ಅಂತ ಕೇಳಿದ ಹಾಗಾಯ್ತು. ಅದೇ ಉಸಿರಲ್ಲಿ ಇನ್ನೊಂದನ್ನೂ ಹೇಳಬೇಕು, ಯಾಕಂದ್ರೆ ನಮ್ಮಲ್ಲೂ ಕೆಲವರು ಇಂಗ್ಲಿಷರನ್ನ ದೇವರ ಥರ ಪೂಜೆ ಮಾಡ್ತಾರೆ. ಅವರು ನಮ್ಮನ್ನ ತಗೊಂಡಿದ್ದು ಸಮಾನತೆಗೋಸ್ಕರ ಅಲ್ಲ, ಬೇಕಿತ್ತು ತಗೊಂಡರು. ಬೇಡವಾದಾಗ ಏನು ಮಾಡಿದರು ನೋಡಿ.

1857ರ ಭಯ ಇಂಗ್ಲಿಷರನ್ನ ಜಾತಿ ಲೆಕ್ಕಕ್ಕೆ ತಳ್ಳಿತು. 1885ರಿಂದ 1893ರವರೆಗೆ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಕಾಲಕ್ಕೆ ಅದು ಪೂರ್ತಿ ಬಲಿತಿತ್ತು. ಕೆಲವು ಜನಾಂಗ ಹುಟ್ಟಾ ಯೋಧರಂತೆ, ಉಳಿದವು ಅಲ್ಲವಂತೆ. ಸಿಖ್ಖರು, ಗೂರ್ಖರು, ಪಠಾಣರು, ರಜಪೂತರು ಒಳಗೆ. ಮಹಾರರು ಹೊರಗೆ. ಮದ್ರಾಸ್ ಪಡೆಯ ತಮಿಳು, ತೆಲುಗು ಪಟಾಲಂಗಳೂ ಒಂದೊಂದಾಗಿ ಕರಗಿದವು. ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಪರೈಯರು ಹೇಗೋ ಉಳಿದುಕೊಂಡರು, ಅದೇ ಬೇರೆ ಕತೆ, ಇನ್ನೊಮ್ಮೆ ಬರೀತೀನಿ. ಒಂದೊಂದು ಪಟಾಲಮ್ಮನ್ನೂ ಒಂದೊಂದು ಜಾತಿಯ ಗುಂಪಾಗಿ ಜೋಡಿಸೋಕೆ ಶುರು ಮಾಡಿದಾಗ, ಎಲ್ಲರ ಜೊತೆ ನಿಲ್ಲೋ ಮಹಾರನಿಗೆ ಜಾಗವೇ ಉಳೀಲಿಲ್ಲ. 1892ರ ಹೊತ್ತಿಗೆ ಮಹಾರರ ಭರ್ತಿ ನಿಂತಿತು. ಕೋರೆಗಾಂವ್ ಸ್ತಂಭದ ಮೇಲೆ ಹೆಸರು ಕೆತ್ತಿಸಿದ ಸರ್ಕಾರವೇ, ಮುಕ್ಕಾಲು ಶತಮಾನ ಆಗೋದ್ರೊಳಗೆ, ನೀವು ಯೋಧರ ಜಾತಿ ಅಲ್ಲ ಅಂತು.

ಇಸವಿ ಗಮನಿಸಿ. 1891ರಲ್ಲಿ ಕರಿ ಪಟಾಲಮ್ಮಿನಲ್ಲಿ ಭೀಮರಾವ್ ಹುಟ್ಟಿದ್ದು. ಮರುವರ್ಷವೇ ಬಾಗಿಲು ಮುಚ್ಚಿದ್ದು. ಅಪ್ಪನ ದಾರಿ ಮಗನಿಗಿಲ್ಲ. ಧನಂಜಯ ಕೀರ್ ಬರೆದಿರೋ ಜೀವನಚರಿತ್ರೆ ಪ್ರಕಾರ, ಈ ಆದೇಶದ ವಿರುದ್ಧ ಅರ್ಜಿ ಬರೆಸೋಕೆ ರಾಮ್ಜಿಯವರು ನ್ಯಾಯಮೂರ್ತಿ ರಾನಡೆಯವರ ಹತ್ತಿರ ಹೋಗಿದ್ದರು. ಮಗುವಿಗಿನ್ನೂ ಹಲ್ಲು ಮೂಡೋ ವಯಸ್ಸು.

ಈಗ ದಾಪೋಲಿಗೆ ಬನ್ನಿ.

ರತ್ನಾಗಿರಿ ಜಿಲ್ಲೆಯ ದಾಪೋಲಿಗೆ "ಕ್ಯಾಂಪ್ ದಾಪೋಲಿ" ಅನ್ನೋ ಹೆಸರು ಇವತ್ತಿಗೂ ಇದೆ. ಪೇಶ್ವೆ ಬಿದ್ದ ಮೇಲೆ ದಕ್ಷಿಣ ಕೊಂಕಣಕ್ಕೆ ಇಂಗ್ಲಿಷರು ಮಾಡಿಕೊಂಡ ದಂಡಿನ ಊರು. ಎತ್ತರದ ಜಾಗ, ತಂಪು ಹವೆ. ದಂಡು ಎದ್ದುಹೋದ ಮೇಲೂ ಸಿಪಾಯಿ ಕುಟುಂಬಗಳು ಅಲ್ಲೇ ಉಳಿದವು. ಹಳ್ಳಿಗೆ ವಾಪಸ್ ಹೋದ್ರೆ ಮತ್ತೆ ಅದೇ ವತನ, ಅದೇ ಬಿಟ್ಟಿ. ಹಾಗಾಗಿ ಮೂವತ್ತು ವರ್ಷ ಕವಾಯತು ಮಾಡಿ, ದೇಶ ತಿರುಗಿ, ಪತ್ರ ಓದೋಕೆ ಲೆಕ್ಕ ಬರೆಯೋಕೆ ಕಲಿತ ಮಹಾರ್ ಪಿಂಚಣಿದಾರರು ಹಳ್ಳಿ ಬಿಟ್ಟು ಇಲ್ಲಿ ಮನೆ ಮಾಡಿದರು. ನಿವೃತ್ತಿ ಆದ ಮೇಲೆ ರಾಮ್ಜಿಯವರೂ ಮಹೂ ಬಿಟ್ಟು ಮೊದಲು ಬಂದದ್ದು ಇಲ್ಲಿಗೇ. ಮುಂದೆ ಮನಸ್ಸು ಬದಲಿಸಿ ಸಾತಾರಕ್ಕೆ ಹೋದರು.

ಆ ಪಿಂಚಣಿದಾರರಲ್ಲಿ ಒಬ್ಬರು ಗೋಪಾಳ ಬಾಬಾ ವಲಂಗಕರ್. ಮಹಾಡ್ ಕಡೆಯವರು, ಫುಲೆಯವರ ಪ್ರಭಾವದಲ್ಲಿ ಬೆಳೆದವರು. 1886ರಲ್ಲಿ ಸೈನ್ಯದಿಂದ ನಿವೃತ್ತಿ. 1888ರಲ್ಲಿ "ವಿಟಾಳ ವಿಧ್ವಂಸನ" ಅಂತ ಪುಸ್ತಿಕೆ ತಂದರು. ವಿಟಾಳ ಅಂದ್ರೆ ಮೈಲಿಗೆ. ಅಸ್ಪೃಶ್ಯತೆಗೆ ಆಧಾರ ಎಲ್ಲಿದೆ ಹೇಳಿ ಅಂತ ಪಂಡಿತರಿಗೆ ಪ್ರಶ್ನೆಗಳ ಸರಮಾಲೆ. "ಅನಾರ್ಯ ದೋಷ ಪರಿಹಾರಕ ಮಂಡಳಿ" ಕಟ್ಟಿದರು. ಸೈನ್ಯದ ಭರ್ತಿ ಮತ್ತೆ ತೆರೆಯಿರಿ ಅಂತ 1894ರಲ್ಲಿ ದೊಡ್ಡ ಅರ್ಜಿ ಸಿದ್ಧಪಡಿಸಿದರು. 1895ರಲ್ಲಿ ಮಹಾಡ್ ತಾಲೂಕು ಬೋರ್ಡಿಗೆ ಅವರನ್ನ ನೇಮಿಸಿದಾಗ ಮೇಲ್ಜಾತಿ ಸದಸ್ಯರು ಜೊತೆಗೆ ಕೂರೋಕೆ ಒಪ್ಪದೆ ಗಲಾಟೆ ಎಬ್ಬಿಸಿದರು. ಮಹಾಡ್! 1927ರಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದ ಅದೇ ಮಹಾಡ್. ಮೂರು ದಶಕ ಮೊದಲೇ ಒಬ್ಬ ಮಾಜಿ ಸಿಪಾಯಿ ಅಲ್ಲಿ ನೆಲ ಉತ್ತಿದ್ದ.

ದಾಪೋಲಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಶಾಲೆಯ ಜಗಳ. ದಂಡಿದ್ದಾಗ ದಂಡಿನ ಶಾಲೆ. ಈಗ ಊರಿನ ಮುನ್ಸಿಪಾಲ್ಟಿ ಶಾಲೆ, ಅದರ ಹಿಡಿತ ಮೇಲ್ಜಾತಿಯವರ ಕೈಲಿ. 1892ರಲ್ಲಿ ಪಿಂಚಣಿದಾರ ಮಹಾರರು ಸರ್ಕಾರಕ್ಕೆ ಅರ್ಜಿ ಹಾಕಿದರು: ನಮ್ಮ ಮಕ್ಕಳನ್ನ ಸೇರಿಸ್ಕೊಳ್ಳಿ. ಸರ್ಕಾರದ ದುಡ್ಡು ಇರೋ ಶಾಲೆ, ತಳ್ಳಿಹಾಕೋ ಹಾಗಿಲ್ಲ. ಕೊನೆಗೆ ಸೇರಿಸಿಕೊಂಡರು. ಎಲ್ಲಿಗೆ? ಜಗುಲಿಗೆ. ಒಳಗೆ ಊರಿನ ಮಕ್ಕಳು, ಹೊರಗೆ ಜಗುಲಿ ಮೇಲೆ ಸುಬೇದಾರ, ಹವಾಲ್ದಾರರ ಮಕ್ಕಳು. ಆ ಅಪ್ಪಂದಿರು ಬಾಂಬೆ ಪಡೆಯಲ್ಲಿ ಮರಾಠರ, ಬ್ರಾಹ್ಮಣರ ಹೆಗಲಿಗೆ ಹೆಗಲು ಕೊಟ್ಟು ನಿಂತೋರು. ಮಗ ಮಾತ್ರ ಹೊಸ್ತಿಲು ದಾಟಂಗಿಲ್ಲ.

ನಮ್ಮ ಧಾರವಾಡದ ಕತೆ ಇದಕ್ಕೂ ಹಳೇದು. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಿ ಅಂತ ಅರ್ಜಿ ಕೊಟ್ಟ. ಬಾಂಬೆ ಸರ್ಕಾರದ ಉತ್ತರದ ತಿರುಳು ಇಷ್ಟು: ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದ್ರೆ ಒಬ್ಬನಿಗೋಸ್ಕರ ಶಾಲೆ ಉಳಿದ ಜನಕ್ಕೆಲ್ಲ ಬೇಡವಾಗಿಬಿಟ್ಟರೆ ಹೇಗೆ? ವಿಷಯ ಲಂಡನ್ನಿನ ಡೈರೆಕ್ಟರುಗಳವರೆಗೂ ಹೋಯ್ತು, ಜಾತಿ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಅನ್ನೋ ತತ್ವ ಕಾಗದದ ಮೇಲೆ ಬಂತು. ಹುಡುಗ ಹೊರಗೇ ಉಳಿದ. ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನ ಎತ್ತಿ ಇಟ್ಟಿದಾರೆ. ನಮ್ಮ ರಾಜ್ಯದಲ್ಲಿ ಎಷ್ಟು ಜನ ಮೇಷ್ಟ್ರುಗಳು ಇದನ್ನ ಪಾಠ ಮಾಡ್ತಾರೆ?

ಸಾತಾರದ ಶಾಲೆಯಲ್ಲಿ ಪುಟ್ಟ ಭೀಮನಿಗೆ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಗೋಣಿತಾಟು, ಮೂಲೆ, ಜವಾನ ಬಂದು ನಲ್ಲಿ ತಿರುಗಿಸಿದ್ರೆ ಮಾತ್ರ ನೀರು. ಕ್ಷೌರಿಕ ಮುಟ್ಟಲ್ಲ ಅಂತ ಅಕ್ಕನೇ ಕೂದಲು ಕತ್ತರಿಸ್ತಿದ್ದರು. 1901ರಲ್ಲಿ ಅಪ್ಪನನ್ನ ನೋಡೋಕೆ ಗೋರೆಗಾಂವ್‌ಗೆ ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಪ್ರಸಂಗವನ್ನ ಇನ್ನೊಮ್ಮೆ ಓದಿ, ಈ ಸಲ ಅವರ ಬಟ್ಟೆ ಗಮನಿಸಿ. ಹೊಲಿಸಿದ ಅಂಗಿ, ಝಗಮಗಿಸೋ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತರ. ಸ್ಟೇಷನ್ ಮಾಸ್ಟರ್ ಅವರನ್ನ ಬ್ರಾಹ್ಮಣರ ಮಕ್ಕಳು ಅಂದ್ಕೊಂಡ. ಮಹಾರರು ಅಂತ ಬಾಯಿಬಿಟ್ಟಾಗ ಅವನ ಮುಖವೇ ಬದಲಾಯ್ತು. ದಂಡು ಕೊಟ್ಟ ಬಟ್ಟೆ, ನಡೆ, ನುಡಿ ಒಂದು ಪದದ ಮುಂದೆ ಉದುರಿಹೋಯ್ತು. ಕರಿ ಪಟಾಲಮ್ಮಿನಲ್ಲಿ ಬೆಳೆದ ಮಗುವಿಗೆ ಊರು ಅಂದ್ರೆ ಏನು ಅಂತ ಊರೇ ಕಲಿಸಿಕೊಟ್ಟ ದಿನ ಅದು. ಆ ಸಿಟ್ಟಿಗೆ ಕಾರಣ ಇಲ್ಲಿದೆ ಅಂತ ನನ್ನ ಭಾವನೆ. ಮನುಷ್ಯರ ಹಾಗೆ ಬದುಕಿದ ನೆನಪು ಮನೆಯಲ್ಲಿ ಇದ್ದವರಿಗೆ ಅವಮಾನ ಹಣೆಬರಹ ಅನ್ನಿಸಲ್ಲ, ಅನ್ಯಾಯ ಅನ್ನಿಸುತ್ತೆ.

ಅರ್ಜಿಗಳು ನಿಲ್ಲಲಿಲ್ಲ. ವಲಂಗಕರ್ 1900ರಲ್ಲಿ ತೀರಿಕೊಂಡರು. ಪುಣೆಯ ಶಿವರಾಮ ಜಾನಬಾ ಕಾಂಬ್ಳೆ ಮುಂದುವರಿಸಿದರು, 1910ರಲ್ಲಿ ಲಂಡನ್ನಿನ ಭಾರತ ಮಂತ್ರಿಯವರೆಗೂ ಮನವಿ ಹೋಯ್ತು. ಕಿವುಡು. 1914ರಲ್ಲಿ ಮಹಾಯುದ್ಧ ಶುರುವಾಗಿ, ಹೆಣ ಬೀಳ್ತಾ ಹೋಗಿ, ಆಳುಗಳ ಕೊರತೆ ಬಿದ್ದಾಗ ಮಾತ್ರ ಕಿವಿ ಬಂತು. 1917ರಲ್ಲಿ 111ನೇ ಮಹಾರ್ ಪಟಾಲಂ ಎದ್ದಿತು. ಯುದ್ಧ ಮುಗೀತು, 1921ರಲ್ಲಿ ಪಟಾಲಮ್ಮನ್ನೇ ವಿಸರ್ಜನೆ ಮಾಡಿದರು. ಬೇಕಾದಾಗ ಯೋಧ, ಬೇಡವಾದಾಗ ಹೊಲೆಯ.

1927ರ ಜನವರಿ 1ರಂದು ಬಾಬಾಸಾಹೇಬರು ಕೋರೆಗಾಂವ್ ಸ್ತಂಭದ ಹತ್ತಿರ ಹೋದದ್ದನ್ನ ಈ ಹಿನ್ನೆಲೆಯಲ್ಲಿ ನೋಡಿ. ಪಟಾಲಂ ಮುಚ್ಚಿ ಆರು ವರ್ಷ ಆಗಿತ್ತು. 1930ರ ದುಂಡು ಮೇಜಿನ ಪರಿಷತ್ತಿನಲ್ಲಿ ಇಂಗ್ಲಿಷರ ಮುಖದ ಮೇಲೇ ಅವರು ಕೇಳಿದ್ದು ಇದನ್ನ: ನೀವು ಬರೋಕೆ ಮುಂಚೆ ನಮಗೆ ಬಾವಿ ಇರಲಿಲ್ಲ, ಗುಡಿ ಇರಲಿಲ್ಲ, ಪೊಲೀಸಿಗೆ ಸೈನ್ಯಕ್ಕೆ ಸೇರೋ ಹಾಗಿರಲಿಲ್ಲ, ಈಗ ಏನಾದ್ರೂ ಬದಲಾಗಿದೆಯಾ? ಇಂಗ್ಲಿಷರ ಏಜೆಂಟ್ ಅಂತ ಅವರನ್ನ ಕರೆಯೋರು ಆ ಭಾಷಣ ಓದಿರಲ್ಲ.

ಮತ್ತೆ ಬಾಗಿಲು ತೆರೆದದ್ದೂ ಯುದ್ಧವೇ, ತೆರೆದದ್ದು ನಮ್ಮ ನೆಲದಲ್ಲಿ. 1941ರ ಜುಲೈನಲ್ಲಿ ಬಾಬಾಸಾಹೇಬರು ವೈಸರಾಯರ ರಕ್ಷಣಾ ಸಲಹಾ ಮಂಡಳಿಗೆ ಸೇರಿದರು. ಅಕ್ಟೋಬರ್ 1ಕ್ಕೆ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಬೆಳಗಾವಿಯಲ್ಲಿ ಎದ್ದಿತು. ಹೌದು, ನಮ್ಮ ಬೆಳಗಾವಿ ದಂಡು. ಎರಡನೆಯದು ನಾಗಪುರದ ಮಗ್ಗುಲ ಕಾಮಠಿಯಲ್ಲಿ. ಟೋಪಿಯ ಬಿಲ್ಲೆಯ ಮೇಲೆ ಕೋರೆಗಾಂವ್ ಸ್ತಂಭ. ಸ್ವಾತಂತ್ರ್ಯದ ನಂತರ ಸ್ತಂಭದ ಜಾಗಕ್ಕೆ ಕಠಾರಿ ಬಂತು, ರೆಜಿಮೆಂಟ್ ಮಾತ್ರ ಉಳೀತು, ಅದರ ಕೇಂದ್ರ ಈಗ ಮಧ್ಯಪ್ರದೇಶದ ಸಾಗರದಲ್ಲಿದೆ. 1943ರಲ್ಲಿ ಎದ್ದ ಚಮಾರ್ ರೆಜಿಮೆಂಟಿಗೆ ಆ ಅದೃಷ್ಟವೂ ಇಲ್ಲ. ಯುದ್ಧ ಮುಗಿದದ್ದೇ ತಡ, 1946ರಲ್ಲಿ ಅದನ್ನೂ ಮುಚ್ಚಿದರು.

ಜಾತಿ ಹೆಸರಿನ ರೆಜಿಮೆಂಟ್ ಇರಬೇಕಾ ಬೇಡ್ವಾ ಅನ್ನೋದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ, ಇರಲಿ. ನನ್ನ ಚಿಂತೆ ಬೇರೆ. ದಾಪೋಲಿಯಲ್ಲಿ ವಲಂಗಕರರು ಪುಸ್ತಿಕೆ ತಂದದ್ದು, ಪಿಂಚಣಿದಾರರು ಮುನ್ಸಿಪಾಲ್ಟಿಗೆ ಎದುರು ನಿಂತು ಅರ್ಜಿ ಹಾಕಿದ್ದು ಯಾವ ಧೈರ್ಯದ ಮೇಲೆ? ತಿಂಗಳಿಗೊಮ್ಮೆ ಬರೋ ಪಿಂಚಣಿಗೆ ಊರ ಗೌಡನ ಹಂಗಿರಲಿಲ್ಲ, ಅದರ ಮೇಲೆ. ಈಗ 2022ರಿಂದ ಅಗ್ನಿಪಥ್. ನಾಲ್ಕು ವರ್ಷ ದುಡಿ, ಹೆಚ್ಚಂದ್ರೆ ನಾಲ್ಕರಲ್ಲಿ ಒಬ್ಬನನ್ನ ಉಳಿಸ್ಕೊಳ್ತಾರೆ, ಉಳಿದವರು ಒಂದು ಗಂಟು ಹಿಡಿದು ಮನೆಗೆ, ಪಿಂಚಣಿ ಇಲ್ಲ. ನಮ್ಮ ಕೇರಿಗಳಿಂದ ಹೋಗೋ ಹುಡುಗ ಇಪ್ಪತ್ತೈದರ ಒಳಗೆ ಅದೇ ಕೇರಿಗೆ ವಾಪಸ್. ಇದನ್ನ ಬರೀ ನಿರುದ್ಯೋಗದ ವಿಷಯ ಅಂತ ಚರ್ಚೆ ಮಾಡಿದವರು, ದಾಪೋಲಿಯ ಕಣ್ಣಿಂದ ಒಂದು ಸಲ ನೋಡಿ.

ಮಹೂಗೆ 2003ರಲ್ಲಿ ಡಾ. ಅಂಬೇಡ್ಕರ್ ನಗರ ಅಂತ ಹೆಸರಿಟ್ಟರು. ಕಾಲಿ ಪಲ್ಟನ್ನಿನಲ್ಲಿ ಈಗ ಸ್ಮಾರಕ ಇದೆ, ಏಪ್ರಿಲ್ 14ಕ್ಕೆ ಎಲ್ಲಾ ಪಕ್ಷದವರೂ ಹೋಗಿ ತಲೆಬಾಗ್ತಾರೆ. ಸುತ್ತ ಇನ್ನೂ ಸೈನ್ಯದ ಶಾಲೆಗಳೇ. ದಾಪೋಲಿಯ ಜಗುಲಿಗೆ ಸ್ಮಾರಕ ಯಾರೂ ಕೇಳಿಲ್ಲ.

ಒಂದು ಕೆಲಸ ಇದೆ. ಬೆಳಗಾವಿ, ಖಾನಾಪುರ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಗೆಳೆಯರೇ, ನಿಮ್ಮ ಮನೆಗಳಲ್ಲಿ 1941ರ ಭರ್ತಿಗೆ ಹೋದ ಅಜ್ಜ, ಮುತ್ತಜ್ಜ ಇದ್ದಿರಬಹುದು. ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಪುಸ್ತಕ, ಮೆಡಲ್ಲು, ಪಿಂಚಣಿ ಕಾಗದ, ಸಮವಸ್ತ್ರದ ಒಂದು ಫೋಟೋ ಏನಾದ್ರೂ ಉಳಿದಿದ್ರೆ ಗುಜರಿಗೆ ಹಾಕಬೇಡಿ. ಫೋಟೋ ತೆಗೆದು ಇಟ್ಕೊಳ್ಳಿ. ಅಜ್ಜಿ ಇನ್ನೂ ಇದ್ರೆ ಕೂತು ಕೇಳಿ, ಲೈನಿನಲ್ಲಿ ನೀರು ಎಲ್ಲಿಂದ ತರ್ತಿದ್ರಿ, ಪಕ್ಕದ ಮನೆ ಯಾರದ್ದು, ಮಕ್ಕಳು ಯಾವ ಶಾಲೆಗೆ ಹೋಗ್ತಿದ್ರು ಅಂತ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದಿಡಿ, ತಿದ್ದಬೇಡಿ.